ಬೈಗುಳದ ಫೈಲು

ಹರಿನಾರಾಯಣ ಸಾರ್‌ಗೆ ಕನ್ನಡ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೆ? ಕೊಚ್ಚಿಯ ಮುಖ್ಯ ಕಚೇರಿಯಿಂದ ಅವರು ತಪಾಸಣೆಗೆ ಬರುವ ಹಿಂದಿನ ದಿನ ಗೊತ್ತಾಯಿತು. ಕಾಸರಗೋಡಿನವರಂತೆ, ಮನೆಮಾತೇ ಕನ್ನಡವಂತೆ.

2007ರ ಮಾತು. ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಕಂಪನಿಯ ಲ್ಯಾಬ್. ರಕ್ತ ಪರೀಕ್ಷೆಯ ಯಂತ್ರಕ್ಕೆ ‘ಹತ್ತು ಹನಿ ಹಾಕು, ಎರಡು ನಿಮಿಷ ಕಾಯಿ’ ಎಂಬಂಥ ಆದೇಶಗಳನ್ನು ಅಲ್ಲಿಯ ಟೆಕ್ನಿಶಿಯನ್‌ಗಳೇ ಬರೆಯಲೆಂದು ನಾನೊಂದು ಪುಟ್ಟ ಕಂಪ್ಯೂಟರ್ ಭಾಷೆ ಕಟ್ಟಿದ್ದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೆಂದೇ ಪುಕ್ಕಟೆ ಸಲಕರಣೆಗಳು ಸಿಗುತ್ತವೆ. ವ್ಯಾಕರಣ ಹೇಳಿಕೊಟ್ಟರೆ ಸಾಕು, ವಾಕ್ಯ ಬಿಡಿಸುವ ಕೆಲಸ ಅವೇ ಮಾಡುತ್ತವೆ. ತಪ್ಪಾದಾಗ ಏನು ಹೇಳಬೇಕೆಂಬುದನ್ನು ಮಾತ್ರ ನಾವೇ ಬರೆಯಬೇಕು. ನಾನು ಅಮ್ಮನ ಮೈಸೂರು ಬೈಗುಳಗಳನ್ನೇ ಬರೆದಿಟ್ಟೆ. ಅಲ್ಲಿ ಕನ್ನಡ ಓದುವವರು ಯಾರಿದ್ದರು ಹೇಳಿ!

ಕಾಮಾ ಬಿಟ್ಟರೆ, ‘ಕಣ್ಣೆಲ್ಲಿಟ್ಕೊಂಡಿದ್ಯೇ?’ ಬ್ರಾಕೆಟ್ ಮುಚ್ಚದಿದ್ದರೆ, ‘ತೆಗೆದ ಬಾಗ್ಲು ಹಾಕೋಕೆ ನಿಮ್ಮಜ್ಜಿ ಬರ್ತಾಳಾ?’ ಏನೊಂದೂ ತಿಳಿಯದಿದ್ದರೆ, ‘ಇದು ಕೊಚ್ಚಿಯ ಹರಿನಾರಾಯಣಂಗೂ ಅರ್ಥ ಆಗಲ್ಲ, ಹೋಗತ್ಲಾಗೆ!’ ‘ಮೊದಲಿಂದ ಬರೆದು ಕಳಿಸಿ’ ಎಂದು ನನ್ನ ಪ್ರತಿ ಅರ್ಜಿಯನ್ನೂ ವಾಪಸ್ ಅಟ್ಟುತ್ತಿದ್ದ ಮಹಾನುಭಾವರು ಅವರೇ. ಈಗ ಅವರು ಸಹಿ ಹಾಕದಿದ್ದರೆ ನನ್ನ ಆರು ತಿಂಗಳ ದುಡಿಮೆ ಕಸದಬುಟ್ಟಿಗೆ.

ಬೆಳಿಗ್ಗೆ ಬೇಗ ಬಂದು ಬೈಗುಳದ ಫೈಲು ತೆಗೆದು, ಇಂಗ್ಲಿಷಿನಲ್ಲಿ ಮರ್ಯಾದಸ್ಥ ಫೈಲೊಂದನ್ನು ಹಾಕಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಾರ್ ಎದುರು ಬರೆಯಲು ಕೂತವರು ಹಿರಿಯ ಟೆಕ್ನಿಶಿಯನ್, ನಾವೆಲ್ಲ ಚೇಚಿ, ಅಂದರೆ ಅಕ್ಕ ಎಂದು ಕರೆಯುವ ಜುಬೈದಾ. ಮೂರನೇ ಸಾಲಿಗೇ ಏನೋ ತಪ್ಪಾಯಿತು, ತೆರೆಯ ಮೇಲೆ ಇಂಗ್ಲಿಷ್ ಮೂಡಿತು. ಚೇಚಿ ಕನ್ನಡಕ ಸರಿಮಾಡಿಕೊಂಡು ನೋಡಿದರು, ನೋಡುತ್ತಲೇ ಇದ್ದರು.

“ಮೋಳೇ, ನನ್ನ ಗಿಡ್ಡದ್ದು ಎಲ್ಲಿ? ಉದ್ದದ್ದು ಎಲ್ಲಿ?” ಎಂದು ಮಗಳನ್ನು ಕರೆವಂತೆ ನನ್ನನ್ನು ಕರೆದು ಮಲಯಾಳದಲ್ಲಿ ಕೇಳಿದರು.

ಅಯ್ಯೋ ದೇವರೇ! ಆಗ ಹೊಳೆಯಿತು. ಓದಲು ಬಾರದ ಕನ್ನಡವನ್ನು ಇವರು ಆಕಾರದಿಂದಲೇ ಗುರುತು ಹಿಡಿದಿದ್ದರು. ಗಿಡ್ಡದ್ದು ಬಂದರೆ ಕಾಮಾ, ಉದ್ದದ್ದು ಬಂದರೆ ಬ್ರಾಕೆಟ್.

ಸಾರ್ ಪೆನ್ನಿನ ಮುಚ್ಚಳ ಹಾಕಿ, ಇದು ಇವರಿಂದ ಆಗುವ ಕೆಲಸವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಚೇಚಿಯಿಂದ ಆಗುವುದಿಲ್ಲವೇ? ಹೋದರೆ ನನ್ನ ಮಾನ ಹೋಗಲಿ ಎಂದು ಬೈಗುಳದ ಫೈಲನ್ನೇ ವಾಪಸ್ ಹಾಕಿದೆ.

ಚೇಚಿಯ ಬೆರಳುಗಳು ಓಡಿದವು. ಅಜ್ಜಿ ಬಂದಳು, ಬ್ರಾಕೆಟ್ ಮುಚ್ಚಿತು. ಕಣ್ಣು ಬಂತು, ಕಾಮಾ ಬಿತ್ತು. ಯಂತ್ರ ಹನಿ ಹಾಕತೊಡಗಿತು. ಸಾರ್ ಮುಂದಕ್ಕೆ ಬಾಗಿದರು, ಮೀಸೆ ಅಲುಗಿತು. ಆಮೇಲೆ ಕೀಬೋರ್ಡನ್ನು ತಾವೇ ಎಳೆದುಕೊಂಡು ಕೈಗೆ ಸಿಕ್ಕ ಅಕ್ಷರಗಳನ್ನೆಲ್ಲ ಕುಟ್ಟಿದರು. ಬಂತಲ್ಲ, ಅವರ ಹೆಸರು! ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

“ಇದು ಬಂದರೆ ಏನು ಮಾಡ್ತೀರಿ?” ಎಂದು ಚೇಚಿಯನ್ನು ಮಲಯಾಳದಲ್ಲಿ ಕೇಳಿದರು.

“ಅದು ಬಂದರೆ ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ ಸಾರ್. ಎಲ್ಲ ಅಳಿಸಿ ಮೊದಲಿಂದ ಬರೀಬೇಕು.”

ಸಾರ್ ನನ್ನ ಕಡೆ ತಿರುಗಿ ಪೆನ್ನಿನ ಮುಚ್ಚಳ ತೆಗೆದರು.

“ಸರಿಯಾಗಿಯೇ ಉಂಟಲ್ಲ ಮಾರಾಯ್ತಿ! ನನ್ನ ಹೆಸರು ಕಂಡ್ರೆ ನೀವೆಲ್ಲ ಮಾಡುವುದೂ ಅದನ್ನೇ ಅಲ್ವಾ?” ಎಂದು ಕಾಸರಗೋಡು ಕನ್ನಡದಲ್ಲಿ ಹೇಳಿ, ಸಹಿ ಹಾಕಿದರು.