ಸೋಮವಾರದ ತನಕ

"ಸೀಲು ಮಾತ್ರ ಮುಟ್ಟಬ್ಯಾಡ್ರಿ ಖುರ್ಷೀದಮ್ಮ. ಸೋಮವಾರ ನಮ್ಮ ಎಂಜಿನಿಯರ್ ಬರ್ತಾರೆ."

ಫೋನಿನ ಆ ತುದಿಯಲ್ಲಿದ್ದವನು ಕೋಳಿಮರಿ ಮಾಡುವ ಯಂತ್ರ ಮಾರಿದ ಕಂಪನಿಯ ದಾವಣಗೆರೆ ಏಜೆಂಟ್ ಕರಿಬಸವರಾಜ. ಗುತ್ತೂರಿನ ಕಿರಾಣಿ ಅಂಗಡಿಯಲ್ಲಿ ರಿಸೀವರ್ ಹಿಡಿದು ನಿಂತಿದ್ದ ಖುರ್ಷೀದಾಳಿಗೆ ಮೈ ಉರಿಯಿತು.

"ಇವತ್ತು ಶುಕ್ರವಾರ ರೀ. ಕರೆಂಟ್ ಹೋಗಿ ಬಂದಾಗಿಂದ ನಿಮ್ಮ ಪೆಟ್ಟಿಗಿ ಕಾವು ಕೊಡವಲ್ದು. ನಾಳೆ ನಾಡಿದ್ದು ಮರಿ ಹೊರಗ ಬರಬೇಕು. ಸೋಮವಾರದ ತನಕ ತಡೀರಿ ಅಂತ ತತ್ತಿಗೆ ನೀವೇ ಹೇಳ್ರಿ!"

"ಒಳಗಿರೋದು ಪ್ರೋಗ್ರಾಮ್ ಅಮ್ಮಾ. ಸೀಲು ಒಡೆದ್ರೆ ಸರ್ವಿಸ್ ಕರಾರು ರದ್ದು."

ಆ ಕರಾರಿಗೆ ಅವಳು ವರ್ಷಾವರ್ಷ ಹಣ ಕಟ್ಟಿದ್ದಳು. ಗಂಡ ತೀರಿದ ಮೇಲೆ ಆ ಯಂತ್ರವೇ ಮನೆಯ ಅನ್ನ.

ಮನೆಗೆ ಬಂದರೆ ಪಕ್ಕದ ಮನೆಯ ನಿರ್ಮಲಮ್ಮ ಮೊಟ್ಟೆಯ ತಟ್ಟೆಗಳಿಗೆ ತನ್ನ ಕೌದಿ ಹೊದಿಸುತ್ತಿದ್ದಳು. ತನ್ನ ಅಡುಗೆಮನೆಗೆ ಮೊಟ್ಟೆಯ ನೆರಳೂ ಬೀಳಗೊಡದವಳು. ಇಂಥದೇ ಯಂತ್ರವಿದ್ದ, ಪಕ್ಕದ ಸಾರಥಿ ಊರಿನ ರೌಫ್, ಸುದ್ದಿ ಕೇಳಿ ಸೈಕಲ್ ತುಳಿದು ಬಂದಿದ್ದ.

"ಆಪಾ, ನಂದೂ ಹಿಂಗೇ ಆಗಿತ್ತು. ರಾಣೆಬೆನ್ನೂರಿನವರೊಬ್ರು ಹೇಳಿಕೊಟ್ರು. ಒಳಗ ಸಣ್ಣ ಸೆಲ್ ಐತೆ. ಕರೆಂಟ್ ತೆಗೆದು, ಅದನ್ನೂ ತೆಗೆದು ಮತ್ತ ಹಾಕಿದ್ರೆ ಪ್ರೋಗ್ರಾಮು ಮೊದಲಿಂದ ಶುರುವಾಗ್ತೈತೆ."

"ಏಜೆಂಟಗ ಇದು ಗೊತ್ತಿಲ್ಲೇನು?"

"ಗೊತ್ತಿಲ್ದೇನು? ನಾನೇ ತೋರ್ಸೀನಿ. ಯಾರಿಗೂ ಹೇಳಬ್ಯಾಡ ಅಂದ."

ಖುರ್ಷೀದಾ ಎಲೆಚೀಲದಿಂದ ಅಡಕತ್ತರಿ ತೆಗೆದಳು. ಆದರೂ ಸೀಲಿನ ತಂತಿಯ ಹತ್ತಿರ ಕೈ ತಡೆಯಿತು.

"ಕತ್ತರಿಸು ತಾಯಿ," ಎಂದಳು ನಿರ್ಮಲಮ್ಮ. "ಜೀವಕ್ಕೆ ಸೀಲು ಹಾಕಾಕ ಇವರ್ಯಾರು?"

"ಬಿಸ್ಮಿಲ್ಲಾ." ತಂತಿ ತುಂಡಾಯಿತು. ರೌಫ್ ಕರೆಂಟ್ ತೆಗೆದು, ಸೆಲ್ ಬಿಚ್ಚಿ ಮತ್ತೆ ಕೂರಿಸಿದ. ಕೆಂಪು ದೀಪ ಹತ್ತಿತು; ಯಂತ್ರ ಮೆಲ್ಲಗೆ ಬೆಚ್ಚಗಾಯಿತು. ಆದರೆ ಕೆಳಗಿನ ತಟ್ಟೆಯ ಮೊಟ್ಟೆಗಳು ಆಗಲೇ ತಣ್ಣಗಾಗಿದ್ದವು. ಅವು ಉಳಿಯಲಿಲ್ಲ.

ಸೋಮವಾರ ಎಂಜಿನಿಯರ್ ಬರಲಿಲ್ಲ. ಕರಿಬಸವರಾಜನೊಬ್ಬನೇ ಬಂದ. ನೇತಾಡುತ್ತಿದ್ದ ಸೀಸದ ಸೀಲನ್ನು ಕಿತ್ತು ಅಂಗೈಯಲ್ಲಿ ಹಿಡಿದು, "ಕರಾರು ರದ್ದು. ಇನ್ನು ನಮ್ಮ ಜವಾಬ್ದಾರಿ ಇಲ್ಲ," ಎಂದ.

"ಶುಕ್ರವಾರ ಆ ಜವಾಬ್ದಾರಿ ಇತ್ತೇನು?"

ಖುರ್ಷೀದಾ ಮೇಲಿನ ತಟ್ಟೆಯಲ್ಲಿ ಮರಿಗಳ ನಡುವೆ ಉಳಿದಿದ್ದ ಕೊನೆಯ ಮೊಟ್ಟೆಯನ್ನೆತ್ತಿ ಅವನ ಇನ್ನೊಂದು ಅಂಗೈಯಲ್ಲಿಟ್ಟಳು. ಅವನು ಬೆಚ್ಚಿದ.

"ಮಶೀನು ಮಾರ್ತೀರಿ, ತತ್ತಿ ಮುಟ್ಟಿಲ್ಲೇನು? ಹಿಡೀರಿ. ಬೀಳ್ಸಬ್ಯಾಡ್ರಿ."

ಚಿಪ್ಪಿನಲ್ಲೊಂದು ಸಣ್ಣ ಬಿರುಕು. ಒಳಗಿನಿಂದ ಎಳೆಯ ಕೊಕ್ಕು ಕುಟ್ಟುತ್ತಿತ್ತು. ಒಂದು ಕೈಯಲ್ಲಿ ಸೀಸ, ಇನ್ನೊಂದರಲ್ಲಿ ಆ ಬಿಸುಪು. ಯಾವುದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಎರಡೂ ಕೈ ಚಾಚಿಕೊಂಡು ನಿಂತೇ ಇದ್ದ.