ಬಾವಿಯ ಸೂತಕ

ಮಧ್ಯಾಹ್ನದ ಬಸ್ಸಿನಲ್ಲಿ ಬೆಂಗಳೂರಿನಿಂದ ಒಬ್ಬನೇ ಮರಳಿ ಬಂದ ನೆಂಟ ಜಂಬಣ್ಣ ಜಗಲಿ ಹತ್ತದೆ ಅಂಗಳದಲ್ಲೇ ನಿಂತಾಗ ಅಕ್ಕಯ್ಯಮ್ಮನಿಗೆ ತಿಳಿದುಹೋಯಿತು, ಆಸ್ಪತ್ರೆಗೆ ಸೇರಿಸಿದ್ದ ಮಗ ಮುನಿರಾಜು ಇನ್ನಿಲ್ಲವೆಂದು. ಕಾಲರಾದಿಂದ ಸತ್ತವನ ಹೆಣವನ್ನು ಊರಿಗೆ ಬಿಡುವುದಿಲ್ಲವೆಂದು ಆಸ್ಪತ್ರೆಯವರು ಸಂಸ್ಕಾರವನ್ನೂ ಅಲ್ಲಿಯೇ ಮುಗಿಸಿದ್ದರು. ಸೊಸೆ ಪಾಪಮ್ಮ ಕಂಬಕ್ಕೆ ಒರಗಿ ಕುಸಿದಳು.

ಕೆಂಗೇರಿಯ ಆ ಬೀದಿಗೆಲ್ಲ ಅವರ ಹಿತ್ತಿಲ ಬಾವಿಯೇ ನೀರು. ಮರುದಿನ ಹೆಲ್ತ್ ಇನ್‌ಸ್ಪೆಕ್ಟರ್ ವೆಂಕಟಸ್ವಾಮಿ ಬ್ಲೀಚಿಂಗ್ ಪುಡಿಯ ಡಬ್ಬ ಹಿಡಿದು ಬಂದರು. ಅಕ್ಕಯ್ಯಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ಕಾಯಿಲೆಯವರ ಬಟ್ಟೆ ಎಲ್ಲಿ ಒಗೆದ್ರಿ ಅಮ್ಮಾ?"

ಅಕ್ಕಯ್ಯಮ್ಮ ಬಾವಿಕಟ್ಟೆಯತ್ತ ನೋಡಿದಳು. ಗಂಡನ ಹೊದಿಕೆಗಳನ್ನು ಪಾಪಮ್ಮ ಬಾವಿಕಟ್ಟೆಯ ಮೇಲೆಯೇ ಒಗೆದಿದ್ದಳು. ಒಗೆಯುವ ಕಲ್ಲಿನ ಬುಡದಲ್ಲಿ ಕಟ್ಟೆ ಬಿರುಕು ಬಿಟ್ಟಿತ್ತು; ಆ ನೀರು ಇಳಿಯುತ್ತಿದ್ದುದು ಬಾವಿಗೇ.

"ಬಿರುಕು ಮುಚ್ಚಿ, ಪುಡಿ ಹಾಕಿ, ನಾನು ಹೇಳೋವರೆಗೂ ಇದನ್ನ ಯಾರೂ ಕುಡೀಬೇಡಿ," ಎಂದು ಅವರು ಕೊಡ ಹಿಡಿದು ನಿಂತಿದ್ದ ಹೆಂಗಸರಿಗೆ ಕೂಗಿ ಹೇಳಿದರು.

"ಸ್ಟೇಷನ್ ಹತ್ರದ ಬಾವಿಯಿಂದ ನಮ್ಮ ಕೊಡ ನೀವು ಹೊತ್ಕೊಂಡ್ ಬರ್ತೀರಾ ಸಾರ್?" ಪಕ್ಕದ ಮನೆಯ ಅಂಜಮ್ಮ ಹಗ್ಗಕ್ಕೆ ಕೈಹಾಕಿದಳು. "ಆ ಪುಡಿ ವಾಸನೆಗೆ ಕಾಲರಾ ಓಡುತ್ತೋ ಇಲ್ವೋ, ನಮ್ಮ ಯಜಮಾನ್ರಂತೂ ಮನೆ ಬಿಟ್ಟು ಓಡ್ತಾರೆ!"

ಹೆಂಗಸರು ನಕ್ಕರು. ಅಕ್ಕಯ್ಯಮ್ಮ ಬಂದು ಹಗ್ಗ ಹಿಡಿದಳು.

"ಬಿಡೇ ಅಂಜಮ್ಮ. ಬಾವಿಗೂ ಸೂತಕ ಕಣೇ."

"ಬಾವಿಗೆಂಥ ಸೂತಕ ದೊಡ್ಡಮ್ಮ? ನಿಮ್ಮತ್ತೆ ತೀರ್ಕೊಂಡಾಗ್ಲೂ ಸೇದಿದ್ವಲ್ಲ!"

"ಅವರಿಗೆ ನಾವೇ ಮಣ್ಣು ಹಾಕಿದ್ವಿ. ನನ್ನ ಮಗನ ಮುಖಾನೂ ನಾನು ನೋಡ್ಲಿಲ್ಲ. ಅವನಿಗೆ ಅಂತ ನಾನು ಮಾಡೋದು ಇದೊಂದೇ. ಹನ್ನೊಂದನೇ ದಿನದವರೆಗೂ ಈ ನೀರು ಮುಟ್ಟಿದ ಮನೆಗೂ ಸೂತಕ."

ಅಂಜಮ್ಮನ ಕೈ ಹಗ್ಗದಿಂದ ಜಾರಿತು. ವೆಂಕಟಸ್ವಾಮಿ ಪುಡಿಯ ಡಬ್ಬದ ಮುಚ್ಚಳ ತೆಗೆದರು. ಹಿತ್ತಿಲ ಬಾಗಿಲಲ್ಲಿ ಪಾಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಯಾರ ಕಣ್ಣೂ ಅತ್ತ ಹೋಗದಿರಲೆಂದು ಅತ್ತೆ ಅವಳ ಕಡೆ ತಿರುಗಲಿಲ್ಲ.

ಹೆಂಗಸರು ಗೊಣಗುತ್ತಲೇ ಸ್ಟೇಷನ್ ಬಾವಿಯಿಂದ ನೀರು ಹೊತ್ತರು. ಗಾರೆಯವನು ಬಂದು ಬಿರುಕು ಮುಚ್ಚಿದ. ವೆಂಕಟಸ್ವಾಮಿ ಮತ್ತೆ ಮತ್ತೆ ಬಂದು ಪುಡಿ ಹಾಕಿದರು. ಆ ಬೀದಿಯಲ್ಲಿ ಇನ್ನಾರಿಗೂ ಕಾಲರಾ ಬರಲಿಲ್ಲ.

ಹನ್ನೊಂದನೆಯ ದಿನ ಇನ್‌ಸ್ಪೆಕ್ಟರು ಒಪ್ಪಿಗೆ ಕೊಟ್ಟ ಮೇಲೆ ಅಕ್ಕಯ್ಯಮ್ಮನೇ ಮೊದಲ ಕೊಡ ಸೇದಿದಳು. ನೀರಿಗೆ ಔಷಧಿಯ ಘಾಟು. ಒಂದು ಚೊಂಬು ತುಂಬಿ ಪಾಪಮ್ಮನ ಕೈಗಿತ್ತಳು.

"ನೀನೇ ಎರೆಯಮ್ಮಾ."

ಪಾಪಮ್ಮ ತುಳಸಿಯ ಬುಡಕ್ಕೆ ಎರೆದಳು. ಮುದುಕಿ ಕಣ್ಣು ಮುಚ್ಚಿ ಕೈಮುಗಿದಳು.

"ತಾಯಿ ಗಂಗಮ್ಮಾ, ನೀರು ನೀರು ಅಂತಲೇ ಹೋದ ನನ್ನ ಕಂದ. ಅವನ ದಾಹ ತೀರಿಸು. ಅವನನ್ನ ತಣ್ಣಗಿಡು."