ಶುಕ್ರವಾರದ ಕೇಸು

ಸುಗಂಧಿಯವರನ್ನು ಬುಧವಾರವೇ ಮನೆಗೆ ಕಳುಹಿಸಬಹುದಿತ್ತು. ಶ್ವಾಸಕೋಶದಲ್ಲಿ ತುಂಬಿದ್ದ ನೀರು ಇಳಿದಿತ್ತು, ಕಾಲಿನ ಊತ ಹೋಗಿತ್ತು, ವಾರ್ಡಿನ ತುದಿಯ ಬಚ್ಚಲಿಗೆ ಏದುಸಿರಿಲ್ಲದೆ ಹೋಗಿ ಬರುತ್ತಿದ್ದರು. ಬೆಳಗಿನ ರೌಂಡ್ಸಿನಲ್ಲಿ ಇಷ್ಟನ್ನೂ ಒಪ್ಪಿಸಿ, ಡಿಸ್ಚಾರ್ಜ್ ಮಾಡೋಣವೇ ಸರ್ ಎಂದು ಕೇಳಿದವಳು ನವ್ಯಶ್ರೀಯೇ.

ಕಾರ್ಕಳದ ಹೊರಗೆ ಗುಡ್ಡ ಅಗೆದು ಕಟ್ಟಿದ ಆ ವೈದ್ಯಕೀಯ ಕಾಲೇಜು ಇನ್ನೂ ಹೊಸದು. ಅಜೆಕಾರಿನ ನವ್ಯಶ್ರೀ ಅದರ ಮೊದಲ ತಂಡದಲ್ಲಿ ಓದಿ, ಈಗ ಅಲ್ಲಿಯೇ ಹೌಸ್ ಸರ್ಜನ್ ಆಗಿದ್ದಳು. ಕಟ್ಟಡ ದೊಡ್ಡದಿತ್ತು, ಹಾಸಿಗೆಗಳಿದ್ದವು, ರೋಗಿಗಳು ಮಾತ್ರ ಹೆಚ್ಚು ಇರಲಿಲ್ಲ. ಕಷ್ಟದ ಕಾಯಿಲೆಯವರು ಸೀದಾ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಿದ್ದರು.

ಮೆಡಿಸಿನ್ ವಿಭಾಗದ ಮುಖ್ಯಸ್ಥರಾದ ಡಾ. ಲೀಲಾಧರ ಕಾರಿಡಾರಿಗೆ ಬಂದ ಮೇಲೆ ನಿಂತರು.

"ಶುಕ್ರವಾರ ಫೈನಲ್ ಇಯರಿನವರ ಪ್ರಾಕ್ಟಿಕಲ್ಸ್ ಉಂಟು, ಗೊತ್ತುಂಟಲ್ಲ? ನಮ್ಮಲ್ಲಿರುವುದು ಇದೊಂದೇ ಮೈಟ್ರಲ್ ಕವಾಟದ ಕೇಸು. ಉಳಿದದ್ದೆಲ್ಲ ರಕ್ತಹೀನತೆ ಮತ್ತು ಬೀಡಿಯ ಕೆಮ್ಮು. ಹೊರಗಿನ ಎಕ್ಸಾಮಿನರ್ ಎದುರು ಮಕ್ಕಳಿಗೆ ಎಂತ ಕೊಡುವುದು?"

"ಶುಕ್ರವಾರ ಅವರ ಅಣ್ಣನ ಬೊಜ್ಜ ಸರ್."

ಲೀಲಾಧರ ಇದೇ ಸೀಮೆಯ ಅಂಬಲಪಾಡಿಯವರು; ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಳುವೂ ಅವರ ಮನೆಮಾತೇ. ಆದರೆ ವಾರ್ಡಿನಲ್ಲಿ ಅವರು ಅದನ್ನು ಆಡುತ್ತಿರಲಿಲ್ಲ.

"ಒತ್ತಾಯ ಬೇಡ. ಕೇಳಿ ನೋಡು. ನೀನು ಹೇಳಿದರೆ ಕೇಳ್ತಾರೆ," ಎಂದರು. "ಈ ವಾರ್ಡಿನಲ್ಲಿ ಪೇಷಂಟ್‌ಗಳ ಹತ್ತಿರ ಸರಿಯಾಗಿ ಮಾತಾಡಲಿಕ್ಕೆ ಬರುವುದು ನಿನಗೊಬ್ಬಳಿಗೆ."

ಮುಖ್ಯಸ್ಥರ ಬಾಯಿಂದ ಅವಳು ಕೇಳಿದ ಮೊದಲ ಹೊಗಳಿಕೆ ಅದು. ಹಾಸ್ಟೆಲಿನಲ್ಲಿ ದೆಹಲಿ, ಕೊಚ್ಚಿಯ ಹುಡುಗಿಯರ ನಡುವೆ ಮನೆಯಿಂದ ಫೋನ್ ಬಂದರೆ ಹೊರಗೆ ಹೋಗಿ ತುಳು ಆಡುತ್ತಿದ್ದವಳು ಅವಳು. ಅದೇ ತುಳು ಈಗ ಒಂದು ಅರ್ಹತೆಯಾಗಿತ್ತು. ಅಡ್ಮಿಟ್ ಆಗಲು ಒಪ್ಪದವರು, ರಕ್ತ ಕೊಡಲು ಹೆದರುವವರು, ಚುಚ್ಚುಮದ್ದು ಬೇಡವೆನ್ನುವವರು ಯಾರಿದ್ದರೂ, ನವ್ಯಶ್ರೀಯನ್ನು ಕಳುಹಿಸಿ ಎನ್ನುತ್ತಿದ್ದರು. ಅವಳು ಹೋಗಿ ಮೊದಲು ಊರು ಕೇಳುತ್ತಿದ್ದಳು, ಆಮೇಲೆ ಮನೆಯ ಅತ್ತೆಯನ್ನು ಕರೆಯುವ ಹಾಗೆ 'ಮಾಮಿ' ಎನ್ನುತ್ತಿದ್ದಳು. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಸುಗಂಧಿ ಕಾಪುವಿನವರು, ಒಣಮೀನಿನ ವ್ಯಾಪಾರದವರು. ಬಾಲ್ಯದ ಜ್ವರವೊಂದು ಹೃದಯದ ಒಂದು ಕವಾಟವನ್ನು ಕಿರಿದು ಮಾಡಿ ಬಿಟ್ಟುಹೋಗಿತ್ತು. ಕಾರ್ಕಳದ ಸಂತೆಗೆ ಬಂದಿದ್ದಾಗ ಉಸಿರು ಕಟ್ಟಿ, ಹತ್ತಿರದ ಆಸ್ಪತ್ರೆಯೆಂದು ಯಾರೋ ಇಲ್ಲಿಗೆ ತಂದಿದ್ದರು. ಅವರು ಐಸಿಯುವಿನಲ್ಲಿ ಮಲಗಿದ್ದಾಗಲೇ, ಬೋಟಿಗೆ ಹೋಗುತ್ತಿದ್ದ ಅಣ್ಣ ಸುಂದರ ಮನೆಯ ಜಗಲಿಯಲ್ಲಿ ಕುಸಿದು ತೀರಿಕೊಂಡಿದ್ದರು. ತಂಗಿಗೆ ಸುದ್ದಿ ತಿಳಿಸುವಾಗ ಎಲ್ಲ ಮುಗಿದಿತ್ತು. ಅಣ್ಣನ ಮುಖ ಅವರು ನೋಡಿರಲಿಲ್ಲ.

"ಮುಖ ಹೇಗೂ ಸಿಕ್ಕಲಿಲ್ಲ," ಎಂದು ಅವರು ನವ್ಯಶ್ರೀಗೆ ಹೇಳಿದ್ದರು. "ಬೊಜ್ಜದ ದಿನ ಸಂಜೆ ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವುದು ಉಂಟಲ್ಲ, ಅದಕ್ಕಾದರೂ ಇರಬೇಕು ಮಗಾ. ನಾನು ಕರೆಯದಿದ್ದರೆ ಅಣ್ಣ ಬಾಗಿಲಲ್ಲೇ ನಿಲ್ಲುವ ಜನ. ಅಷ್ಟು ಹಟ."

ಇದನ್ನೆಲ್ಲ ತಿಳಿದೇ ಅವಳು ಮಧ್ಯಾಹ್ನ ಅವರ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕುಳಿತಳು. ಪರೀಕ್ಷೆ ಉಂಟು, ಮಕ್ಕಳಿಗೆ ನಿಮ್ಮ ಹೃದಯದ ಶಬ್ದ ಕೇಳಿಸಬೇಕು, ನಿಲ್ಲುತ್ತೀರಾ ಎಂದು ಕೇಳಬಹುದಿತ್ತು. ಕೇಳಿದ್ದರೆ ಅವರು ಇಲ್ಲ ಎನ್ನುತ್ತಿದ್ದರು. ಆಗ ಅವಳು ಆ 'ಇಲ್ಲ'ವನ್ನು ಹೊತ್ತುಕೊಂಡು ಲೀಲಾಧರರ ಕೋಣೆಗೆ ಹೋಗಬೇಕಾಗುತ್ತಿತ್ತು.

"ಮಾಮಿ, ಮನೆಯಲ್ಲಿ ಹೊಗೆ, ಜನ. ಅದು ನಿಮಗೆ ಆಗುವುದಿಲ್ಲ," ಎಂದಳು ತುಳುವಿನಲ್ಲಿ. "ಅಲ್ಲಿ ಹೋದರೆ ನೀವು ಅಳುತ್ತೀರಿ. ಅತ್ತರೆ ನಾಡಿ ಜೋರಾಗ್ತದೆ, ಜೋರಾದರೆ ಪುನಃ ನೀರು ತುಂಬಬಹುದು. ಶುಕ್ರವಾರ ಹೊರಗಿನಿಂದ ದೊಡ್ಡ ಡಾಕ್ಟರು ಬರ್ತಾರೆ. ಅವರೂ ಒಮ್ಮೆ ನೋಡಿದರೆ ಒಳ್ಳೆಯದಲ್ವಾ?"

ಯಾವ ವಾಕ್ಯವೂ ಬಿಡಿಯಾಗಿ ಸುಳ್ಳಾಗಿರಲಿಲ್ಲ. ಪಠ್ಯಪುಸ್ತಕ ತೆರೆದು ಒಂದೊಂದನ್ನೂ ಸಮರ್ಥಿಸಬಹುದಿತ್ತು. ಬೆಳಿಗ್ಗೆ ಅದೇ ಪುಸ್ತಕದ ಆಧಾರದಲ್ಲಿಯೇ ಅವಳು ಡಿಸ್ಚಾರ್ಜ್ ಕೇಳಿದ್ದಳು.

ಸುಗಂಧಿ ಅವಳ ಮುಖವನ್ನೇ ನೋಡಿದರು. "ಬೇರೆ ಡಾಕ್ಟ್ರು ಹೇಳಿದ್ದಾದರೆ ನಾನು ಬಸ್ಸು ಹತ್ತಿ ಹೋಗ್ತಿದ್ದೆ. ನೀನು ನಮ್ಮವಳು. ನೀನು ಹೇಳಿದರೆ ನಿಲ್ತೇನೆ."

ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮಗಳು ಪ್ರಣೀತಾಳಿಗೆ ಫೋನ್ ಮಾಡಿ, ನಾನು ಬರುವುದಿಲ್ಲ, ದೊಡ್ಡ ಡಾಕ್ಟ್ರು ನೋಡಬೇಕಂತೆ ಎಂದರು. ಆ ಕಡೆಯಿಂದ ಮಗಳು ಏನೋ ಜೋರಾಗಿ ಹೇಳುತ್ತಿದ್ದುದು ಕೇಳಿಸಿತು. "ಇಲ್ಲಿ ನಮ್ಮ ಹುಡುಗಿ ಒಬ್ಬಳು ಇದ್ದಾಳೆ, ಅವಳು ಸುಮ್ಮನೆ ಹೇಳುವವಳಲ್ಲ," ಎಂದು ಸುಗಂಧಿ ಫೋನ್ ಇಟ್ಟರು.

ಲೀಲಾಧರರಿಗೆ ನವ್ಯಶ್ರೀ, "ಒಪ್ಪಿದ್ದಾರೆ ಸರ್," ಎಂದಷ್ಟೇ ಹೇಳಿದಳು. "ಪಾಪ, ಒಳ್ಳೆಯ ಹೆಂಗಸು," ಎಂದರು ಅವರು. ಹೇಗೆ ಒಪ್ಪಿಸಿದೆ ಎಂದು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಂಚದ ಸುತ್ತ ಪರದೆ ಎಳೆದರು. ಒಬ್ಬರಾದ ಮೇಲೆ ಒಬ್ಬರು ವಿದ್ಯಾರ್ಥಿಗಳು ಬಂದರು. ಎಡಕ್ಕೆ ಹೊರಳಿ ಎಂದರು, ಉಸಿರು ಹಿಡಿಯಿರಿ ಎಂದರು, ಎದೆಯ ಮೇಲೆ ಸ್ಟೆತೊಸ್ಕೋಪ್ ಒತ್ತಿ ಕಣ್ಣು ಮುಚ್ಚಿ ಕೇಳಿದರು. ನವ್ಯಶ್ರೀ ದುಭಾಷಿಯಾಗಿ ಮಂಚದ ತಲೆಯ ಕಡೆ ನಿಂತಿದ್ದಳು.

"ಮೀನಿನ ಕಿವಿರು ಎತ್ತಿ ನೋಡಿದ ಹಾಗೆ ಎಲ್ಲರೂ ನೋಡ್ತಾರೆ," ಎಂದರು ಸುಗಂಧಿ ನಡುವೆ. "ತಗೊಳ್ಳುವವರು ಯಾರೂ ಕಾಣುವುದಿಲ್ಲ ಮಾರಾಯ್ತಿ."

ಹುಡುಗನೊಬ್ಬ, ಏನೆಂದರು ಎಂದು ಕೇಳಿದ. ನವ್ಯಶ್ರೀ ಅನುವಾದಿಸಲಿಲ್ಲ.

"ದೊಡ್ಡ ಡಾಕ್ಟ್ರು ಇವರಲ್ಲಿ ಯಾರು?"

"ಈಗ ಬರ್ತಾರೆ ಮಾಮಿ."

ಬಂದರು. ಹಾಸನದ ಕಡೆಯ ಹಿರಿಯ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದವರು. ಕೊನೆಯ ವಿದ್ಯಾರ್ಥಿಗೆ ಪ್ರಶ್ನೆ ಕೇಳುವುದು ಮುಗಿಸಿ, ಎಲ್ಲರೂ ಹೊರಟ ಮೇಲೂ ಅವರು ಮಂಚದ ಬಳಿಯೇ ಉಳಿದು ಸುಗಂಧಿಯವರ ಕೈ ಹಿಡಿದುಕೊಂಡರು.

"ಅಮ್ಮಾ, ನಿಮ್ಮನ್ನ ಆಗ್ಲೇ ಮನೆಗೆ ಕಳಿಸಬಹುದಿತ್ತಂತೆ. ನಮ್ಮ ಹುಡುಗರ ಪರೀಕ್ಷೆಗೋಸ್ಕರ ಉಳ್ಕೊಂಡ್ರಂತಲ್ಲ. ಇಂಥ ಉಪಕಾರ ಯಾರು ಮಾಡ್ತಾರೆ ಹೇಳಿ?"

ಊರೂರು ಮೀನು ಮಾರಿದ ಸುಗಂಧಿಯವರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ತಿರುಗಿ ನವ್ಯಶ್ರೀಯನ್ನು ನೋಡಿದರು. ನವ್ಯಶ್ರೀ ಮಂಚದ ಕಂಬಿ ಹಿಡಿದುಕೊಂಡಳು. ಈಗಲಾದರೂ ಇವರು ಎಲ್ಲರೆದುರು ಬೈಯಲಿ, ನನ್ನ ಹೆಸರು ಹಿಡಿದು ಕೂಗಲಿ ಎಂದು ಅವಳಿಗೆ ಅನಿಸಿತು. ಸುಗಂಧಿ ಬೈಯಲಿಲ್ಲ.

"ಮಕ್ಕಳು ಪಾಸಾಗ್ತಾರಾ?" ಎಂದು ಎಕ್ಸಾಮಿನರನ್ನು ಕೇಳಿದರು.

"ನಿಮ್ಮಿಂದ ಆಗ್ತಾರೆ," ಎಂದು ಆಕೆ ನಕ್ಕು ಹೊರಟರು.

ಸುಗಂಧಿ ರವಿಕೆಯ ಗುಂಡಿ ಹಾಕಿಕೊಂಡರು. ಆಮೇಲೆ ಕನ್ನಡದಲ್ಲಿ, ಬ್ಯಾಂಕಿನಲ್ಲೋ ಪಂಚಾಯತಿನಲ್ಲೋ ಮಾತಾಡುವ ಹಾಗೆ ಒಂದೊಂದೇ ಪದ ಬಿಡಿಸಿ ಕೇಳಿದರು: "ನನ್ನ ಬಟ್ಟೆಯ ಚೀಲ ಎಲ್ಲಿ ಉಂಟು, ಡಾಕ್ಟ್ರೇ?"

ಅಷ್ಟು ದಿನಗಳಲ್ಲಿ ಅವರು ಅವಳೊಡನೆ ಕನ್ನಡ ಆಡಿದ್ದು ಅದೇ ಮೊದಲು. ನವ್ಯಶ್ರೀ ತುಳುವಿನಲ್ಲಿ ಏನೋ ಹೇಳಹೊರಟಳು. ಬಾಯಿಗೆ ಬಂದ 'ಮಾಮಿ' ಎಂಬ ಪದವನ್ನು ನುಂಗಿಕೊಂಡಳು.

ಡಿಸ್ಚಾರ್ಜ್ ಪತ್ರಕ್ಕೆ ಅವಳೇ ಓಡಾಡಿದಳು. ಜೊತೆಯ ಹೌಸ್ ಸರ್ಜನ್ ಉಜ್ವಲ್‌ನ ಹತ್ತಿರ ಕಾರಿತ್ತು. "ಕಾಪುವಿಗಾ? ಈಗಲಾ? ನನ್ನ ಊಟ ಆಗಲಿಲ್ಲ ಮಾರಾಯ್ತಿ," ಎಂದವನು, ಅವಳ ಮುಖ ನೋಡಿ ಕೀಲಿಕೈ ತೆಗೆದುಕೊಂಡ.

ಕಾರು ಬೆಳ್ಮಣ್ ದಾಟಿತು. ಸುಗಂಧಿ ಹಿಂದಿನ ಸೀಟಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಉಜ್ವಲ್ ಸುಮ್ಮನಿರಲಾರದೆ, ಕಾಪುವಿನಲ್ಲಿ ಈಗ ಬಂಗುಡೆ ಮೀನು ಸಿಗ್ತದಾ ಎಂದು ಕೇಳಿದ.

"ಸಿಗ್ತದೆ. ನಿಮಗೆ ಹಳೆಯದನ್ನು ಹೊಸದು ಅಂತ ಕೊಟ್ಟರೆ ಗೊತ್ತಾಗ್ತದಾ?"

"ಇಲ್ಲ."

"ಹಾಗಾದರೆ ಗುರುತಿನವರ ಹತ್ತಿರ ತಗೊಳ್ಳಿ," ಎಂದು ಸುಗಂಧಿ ಕಿಟಕಿಯ ಕಡೆ ತಿರುಗಿದರು. ನವ್ಯಶ್ರೀ ಮುಂದಿನ ಸೀಟಿನಲ್ಲಿ ತಲೆ ಎತ್ತಲಿಲ್ಲ.

ಶಿರ್ವದ ಬಳಿ ಸುಗಂಧಿ ಪುನಃ ಮಾತಾಡಿದರು. "ಉಪ್ಪು ಕಡಿಮೆ ಮಾಡಬೇಕು ಅಂದದ್ದು ಯಾರಿಗೆ? ನನಗಾ, ಪರೀಕ್ಷೆಗಾ?"

"ನಿಮಗೆ."

"ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಅಂದದ್ದು?"

"ಅದೂ ನಿಮಗೇ. ಅದನ್ನು ಯಾವತ್ತೂ ತಪ್ಪಿಸಬಾರದು."

ಸುಗಂಧಿ ಒಂದೊಂದೇ ಮಾತ್ರೆಯನ್ನು ಚೀಲದಿಂದ ತೆಗೆದು ಕೇಳುತ್ತಾ ಹೋದರು. ನವ್ಯಶ್ರೀ ಹಿಂದಕ್ಕೆ ತಿರುಗಿ ಕುಳಿತು ಉತ್ತರಿಸುತ್ತಾ ಹೋದಳು. ವಾರ್ಡಿನಲ್ಲಿ ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿ, ಅವರಿಂದ ಮರಳಿ ಹೇಳಿಸಿ ಖಚಿತಪಡಿಸಿಕೊಂಡಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಕಲಿಸಿದ್ದರು. ಈಗ ಅವೇ ಉತ್ತರಗಳನ್ನು ಕೊಡುವಾಗ ಅವಳ ಧ್ವನಿ ಅವಳಿಗೇ ಸಾಬೂನು ಮಾರುವವರ ಧ್ವನಿಯಂತೆ ಕೇಳಿಸಿತು. ಸುಗಂಧಿ ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಅವರು ತಲುಪುವಾಗ ಮಧ್ಯಾಹ್ನದ ಊಟಕ್ಕೆ ಬಂದವರೆಲ್ಲ ಹೋಗಿಯಾಗಿತ್ತು. ಅಂಗಳದ ಚಪ್ಪರದಡಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಇಟ್ಟಿದ್ದರು. ಸತ್ತವರನ್ನು ಒಳಗೆ ಕರೆಯುವುದು ಇನ್ನೂ ಆಗಿರಲಿಲ್ಲ. ಪ್ರಣೀತಾ ಓಡಿ ಬಂದು ತಾಯಿಯನ್ನು ಇಳಿಸಿಕೊಂಡಳು. ಕರೆತಂದದ್ದು ಯಾರೆಂದು ತಿಳಿದು ನವ್ಯಶ್ರೀಯ ಎರಡೂ ಕೈ ಹಿಡಿದಳು.

"ನೀವೇ ಕಾರು ಮಾಡಿ ಕರ್ಕೊಂಡು ಬಂದ್ರಾ? ಮೊನ್ನೆ ಫೋನಿನಲ್ಲಿ ನಿಮ್ಮ ಮೇಲೆ ಸಿಟ್ಟು ಮಾಡಿದ್ದೆ ಡಾಕ್ಟ್ರೇ. ತಪ್ಪು ತಿಳ್ಕೊಳ್ಳಬೇಡಿ."

"ಇಲ್ಲ, ಹಾಗಲ್ಲ. ಅವರನ್ನು ನಿಲ್ಲಿಸಿಕೊಂಡದ್ದು ನಾನೇ. ಅದು—"

"ಈಗ ಬೇಡ," ಎಂದರು ಸುಗಂಧಿ. ಧ್ವನಿ ಏರಿಸಲಿಲ್ಲ. "ಇವತ್ತು ಅಣ್ಣನ ದಿನ. ನಿಮ್ಮದನ್ನು ಇಲ್ಲಿ ತರಬೇಡಿ."

ಪ್ರಣೀತಾ ಇಬ್ಬರ ಮುಖವನ್ನೂ ನೋಡಿ, ಹಿಡಿದಿದ್ದ ಕೈಗಳನ್ನು ನಿಧಾನವಾಗಿ ಬಿಟ್ಟಳು.

ಒಳಗಿನಿಂದ ಧೂಪದ ಹೊಗೆ ಬರುತ್ತಿತ್ತು. ಸುಗಂಧಿ ಮೆಟ್ಟಿಲ ಬಳಿ ನಿಂತರು. "ಒಳಗೆ ಹೋಗಬಹುದಾ ನಾನು?"

"ಬಾಗಿಲ ಹತ್ತಿರ, ಗಾಳಿ ಬರುವಲ್ಲಿ ಕುಳಿತುಕೊಳ್ಳಿ. ಏದುಸಿರು ಬಂದರೆ ಕೂಡಲೇ ಹೊರಗೆ ಬನ್ನಿ," ಎಂದಳು ನವ್ಯಶ್ರೀ. ಮತ್ತೆ, ಕೇಳದಿದ್ದರೂ, "ಇದು ನಿಜ," ಎಂದು ಸೇರಿಸಿದಳು.

ಸುಗಂಧಿ ಮಗಳ ಕಡೆ ತಿರುಗಿದರು. "ಪೇಟೆಯ ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳು."

ಪ್ರಣೀತಾ ಅಲ್ಲಿಯೇ ನಿಂತು ಫೋನ್ ಮಾಡಿದಳು. ಹೃದಯದ್ದು ಹೀಗೆ, ಹೊಗೆ ಹೀಗೆ ಎಂದು ವಿವರಿಸಿದಳು. ನವ್ಯಶ್ರೀ ಅಂಗಳದಲ್ಲಿ ನಿಂತು ಅಪರಿಚಿತ ವೈದ್ಯರೊಬ್ಬರ ತೀರ್ಪಿಗೆ ಕಾದಳು. ತನ್ನ ವೈವಾ ಪರೀಕ್ಷೆಯಲ್ಲಿಯೂ ಅವಳು ಹೀಗೆ ನಿಂತವಳಲ್ಲ.

"ಅವರೂ ಹಾಗೇ ಹೇಳಿದ್ರು ಅಮ್ಮ. ಬಾಗಿಲ ಹತ್ತಿರ ಕೂತ್ಕೊಳ್ಳಲಿ ಅಂತ."

ಆಗ ಸುಗಂಧಿ ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಒಳಗೆ ಕರೆಯುವುದು ಶುರುವಾಯಿತು. ಗಂಡಸರ ಧ್ವನಿಗಳ ನಡುವೆ ಸುಗಂಧಿಯವರದೂ ಕೇಳಿಸಿತು. ಸುಂದರಣ್ಣಾ, ಬಾ, ಒಳಗೆ ಬಾ, ಎಲ್ಲ ಬಡಿಸಿ ಇಟ್ಟಿದ್ದೇವೆ ಎಂದು ಅವರು ತುಳುವಿನಲ್ಲಿ ಕರೆಯುತ್ತಿದ್ದರು. ಆ ಧ್ವನಿ ಮಧ್ಯದಲ್ಲಿ ಒಡೆಯಿತು.

ಉಜ್ವಲ್ ಕಾರಿನ ಬಾಗಿಲು ತೆರೆದ. "ನಾವು ಹೋಗುವನಾ? ನಮ್ಮನ್ನು ಯಾರೂ ಕೇಳುವುದಿಲ್ಲ ಇಲ್ಲಿ."

"ನಿಲ್ಲು," ಎಂದಳು ನವ್ಯಶ್ರೀ. "ಅಳುತ್ತಿದ್ದಾರೆ. ಅತ್ತರೆ ಅವರಿಗೆ ಉಸಿರು ಕಟ್ಟಬಹುದು."

"ನೀನು ಕರೆದರೆ ಅವರು ಹೊರಗೆ ಬರ್ತಾರಾ?"

ನವ್ಯಶ್ರೀ ಸ್ಟೆತೊಸ್ಕೋಪನ್ನು ಕೊರಳಿನಿಂದ ತೆಗೆದು ಚೀಲಕ್ಕೆ ಹಾಕಿದಳು. ಚಪ್ಪರದ ಅಂಚಿನಲ್ಲಿ, ಒಳಗಿನವರಿಗೆ ಕಾಣದ ಹಾಗೆ ನಿಂತು, ಬಾಗಿಲ ಸಂದಿಯಲ್ಲಿ ತೋರುತ್ತಿದ್ದ ಸುಗಂಧಿಯವರ ಬೆನ್ನು ಏರಿ ಇಳಿಯುವುದನ್ನು ನೋಡುತ್ತಾ ಉಳಿದಳು.